ಸರ್ಕಾರಿ ವಾಸ್ತುಶಿಲ್ಪಿ ಆಟೋ ಕೋನಿಗ್ಸ್‌ಬರ್ಗರ್

ತನ್ನ ಹಣದಿಂದ ತನ್ನ ಮನೆಯನ್ನು ಕಟ್ಟಿಸುವವನು ಕಿಟಕಿ ಎಲ್ಲಿರಬೇಕು, ಜಗುಲಿ ಎಷ್ಟು ಅಗಲವಾಗಿರಬೇಕು ಎಂಬುದನ್ನು ತಾನೇ ಹೇಳಬಲ್ಲನು. ಕೆಲಸ ಮನಸ್ಸಿಗೆ ಬಾರದಿದ್ದರೆ ಕಟ್ಟಿದವನನ್ನು ಕರೆದು ಕೇಳಬಲ್ಲನು. ಸರ್ಕಾರಿ ಆಸ್ಪತ್ರೆಯಲ್ಲಿ ಮಲಗಿರುವ ರೋಗಿಗೂ, ಪಾಠಶಾಲೆಯಲ್ಲಿ ಕುಳಿತಿರುವ ಹುಡುಗನಿಗೂ, ಕಾರ್ಖಾನೆಯವರು ಕೊಟ್ಟ ಎರಡು ಕೋಣೆಗಳಲ್ಲಿ ಸಂಸಾರ ಹೂಡಿರುವ ಕೂಲಿಕಾರನಿಗೂ ಈ ಅವಕಾಶವಿಲ್ಲ. ಕಟ್ಟಡ ಸೆಕೆಯಾದರೆ ಅವರು ಸೆಕೆಯನ್ನು ಸಹಿಸಬೇಕು, ಸೋರಿದರೆ ಪಾತ್ರೆಯಿಡಬೇಕು. ಇಂಥ ಕಟ್ಟಡಗಳಿಗೆ ನಕ್ಷೆ ಬರೆಯುವವನೇ ಸರ್ಕಾರಿ ವಾಸ್ತುಶಿಲ್ಪಿ. ಅವನು ತನ್ನ ಕಟ್ಟಡದಲ್ಲಿ ವಾಸಿಸುವ ಜನರ ಮುಖವನ್ನು ನೋಡಿರುವುದಿಲ್ಲ. ಆದುದರಿಂದ ಅವರ ಪರವಾಗಿ ಅವನೇ ಯೋಚಿಸಬೇಕಾಗುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಉದ್ಯೋಗಕ್ಕೆ ಹಿಂದೆಂದೂ ಇಲ್ಲದ ಮಹತ್ತ್ವ ಬಂದಿತು. ಸ್ಕಾಟ್ಲೆಂಡಿನ ರಾಬರ್ಟ್ ಮ್ಯಾಥ್ಯೂ ಅವರು ತಮ್ಮ ನಾಡಿನ ಆರೋಗ್ಯ ಇಲಾಖೆಯಲ್ಲಿ ದುಡಿದು, ೧೯೪೬ರಿಂದ ಲಂಡನ್ ಕೌಂಟಿ ಆಡಳಿತದ ವಾಸ್ತುಶಿಲ್ಪಿಯಾಗಿ, ಯುದ್ಧದಿಂದ ನೊಂದ ಆ ನಗರಕ್ಕೆ ಮನೆಗಳನ್ನೂ ಶಾಲೆಗಳನ್ನೂ ಒದಗಿಸುವ ಹೊಣೆಯನ್ನು ಹೊತ್ತರು. ಅದಕ್ಕೂ ಮೊದಲೇ ನಮ್ಮ ಮೈಸೂರು ಸಂಸ್ಥಾನದಲ್ಲಿ ಅದೇ ತಲೆಮಾರಿನ ಮತ್ತೊಬ್ಬರು ಇಂಥದೇ ಸೇವೆಯಲ್ಲಿ ತೊಡಗಿದ್ದರು. ಅವರೇ ಆಟೋ ಕೋನಿಗ್ಸ್‌ಬರ್ಗರ್. ಬಿಸಿಲು, ಗಾಳಿ, ಮಳೆಗಳ ಲೆಕ್ಕದಿಂದಲೇ ಕಟ್ಟಡದ ರೂಪ ಹುಟ್ಟಬೇಕೆಂಬ ಮಾತನ್ನು ಅವರು ಶಾಸ್ತ್ರವಾಗಿ ಬೆಳೆಸಿದರು. ಆ ಶಾಸ್ತ್ರದ ಮೊದಲ ಪಾಠಗಳನ್ನು ಅವರು ಕಲಿತದ್ದು ಬೆಂಗಳೂರಿನಲ್ಲಿ.

ಬರ್ಲಿನ್ನಿನಿಂದ ಬೆಂಗಳೂರಿಗೆ

ಕೋನಿಗ್ಸ್‌ಬರ್ಗರ್ ಹುಟ್ಟಿದ್ದು ೧೯೦೮ರಲ್ಲಿ, ಜರ್ಮನಿಯ ಬರ್ಲಿನ್ ನಗರದಲ್ಲಿ. ತಂದೆಯೂ ವಾಸ್ತುಶಿಲ್ಪಿ. ಪ್ರಸಿದ್ಧ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಇವರ ಸೋದರಮಾವ. ಬರ್ಲಿನ್ನಿನ ತಾಂತ್ರಿಕ ವಿದ್ಯಾಲಯದಲ್ಲಿ ಹಾನ್ಸ್ ಪೋಯೆಲ್‌ಜಿಗ್ ಎಂಬ ಹೆಸರಾಂತ ಗುರುವಿನ ಬಳಿ ಇವರು ವ್ಯಾಸಂಗ ಮಾಡಿದರು. ೧೯೩೩ರಲ್ಲಿ ತರುಣ ವಾಸ್ತುಶಿಲ್ಪಿಗಳಿಗೆ ಸಲ್ಲುವ ಷಿಂಕೆಲ್ ಬಹುಮಾನ ಇವರಿಗೆ ದೊರೆಯಿತು. ಆದರೆ ಅದೇ ವರ್ಷ ಹಿಟ್ಲರನು ಅಧಿಕಾರಕ್ಕೆ ಬಂದನು. ಕೋನಿಗ್ಸ್‌ಬರ್ಗರ್ ಯಹೂದಿ ಮನೆತನದವರು. ಸರ್ಕಾರಿ ಕೆಲಸದ ದಾರಿ ಮುಚ್ಚಿತು, ಸ್ವದೇಶವನ್ನೇ ಬಿಡಬೇಕಾಯಿತು.

ಅವರು ಈಜಿಪ್ಟಿಗೆ ಹೋಗಿ ಪ್ರಾಚ್ಯಶೋಧನೆಯ ಕೆಲಸದಲ್ಲಿ ಸೇರಿಕೊಂಡರು. ಪುರಾತನ ಈಜಿಪ್ಟಿನ ಬಾಗಿಲುಗಳನ್ನು ಹೇಗೆ ರಚಿಸುತ್ತಿದ್ದರೆಂಬುದೇ ಅವರ ಸಂಶೋಧನೆಯ ವಿಷಯ; ೧೯೩೬ರಲ್ಲಿ ಅದು ಗ್ರಂಥರೂಪದಲ್ಲಿ ಪ್ರಕಟವಾಯಿತು. ಮರ ದುರ್ಲಭವಾದ ಒಣ ನಾಡಿನಲ್ಲಿ ಬಡಗಿಯು ತುಂಡು ಹಲಗೆಗಳನ್ನು ಜೋಡಿಸಿ ಬಾಗಿಲು ಮಾಡುವ ಬಗೆಯನ್ನು ನೋಡಿದವರಿಗೆ, ಕಟ್ಟಡವು ನೆಲದ ಕೊರತೆಗಳಿಗೂ ಉತ್ತರವಾಗಿರಬೇಕೆಂಬುದು ಬೇರೆ ಪಾಠವಿಲ್ಲದೆಯೇ ತಿಳಿಯುತ್ತದೆ.

ಮ್ಯಾಕ್ಸ್ ಬಾರ್ನ್ ಅವರೂ ಜರ್ಮನಿಯನ್ನು ಬಿಟ್ಟವರೇ. ಸರ್ ಸಿ. ವಿ. ರಾಮನ್ನರ ಆಹ್ವಾನದಂತೆ ೧೯೩೫-೩೬ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಕೆಲಕಾಲ ಇದ್ದರು. ಇದಾದ ಕೆಲವು ವರ್ಷಗಳಲ್ಲಿ, ೧೯೩೯ರಲ್ಲಿ, ಸೋದರಳಿಯನು ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದನು. ಆಗ ಸರ್ ಮಿರ್ಜಾ ಇಸ್ಮಾಯಿಲರು ದಿವಾನರು. ನಗರಗಳು ಸುಂದರವಾಗಿರಬೇಕೆಂಬುದರಲ್ಲಿ ಅವರಿಗಿದ್ದ ಆಸಕ್ತಿ ಕನ್ನಡಿಗರಿಗೆಲ್ಲ ಗೊತ್ತು. ಉದ್ಯಾನ, ಕಾರಂಜಿ, ಗುಮ್ಮಟ, ಕಮಾನುಗಳಲ್ಲಿ ದಿವಾನರಿಗೆ ಒಲವು. ಅಲಂಕಾರವಿಲ್ಲದ ಸರಳ ರೇಖೆಗಳಲ್ಲಿ ಹೊಸ ವಾಸ್ತುಶಿಲ್ಪಿಗೆ ಒಲವು. ಸರ್ಕಾರಿ ಸೇವಕನು ಇಂಥ ಕಡೆ ತನ್ನದೊಂದನ್ನೇ ಸಾಧಿಸಲಾರನು. ದಿವಾನರ ಅಭಿರುಚಿಗೂ ತಮ್ಮ ವಿದ್ಯೆಗೂ ನಡುವೆ ದಾರಿ ಹುಡುಕುತ್ತಲೇ ಅವರು ಕೆಲಸ ಮಾಡಿದರು. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ, ಬೆಂಗಳೂರಿನ ಬಸ್ ನಿಲ್ದಾಣ ಮುಂತಾದುವು ಆ ಕಾಲದವು.

೧೯೩೯ರಲ್ಲಿಯೇ ಎರಡನೆಯ ಮಹಾಯುದ್ಧ ತೊಡಗಿತು. ಉಕ್ಕು, ಸಿಮೆಂಟುಗಳಿಗೆ ಅಭಾವ ಬಂದಿತು. ಇದು ಕಷ್ಟವೂ ಹೌದು, ಒಂದು ರೀತಿಯಿಂದ ಶಿಕ್ಷಣವೂ ಹೌದು. ವಿಜ್ಞಾನ ಮಂದಿರದಲ್ಲಿ ವಿಮಾನ ಶಾಸ್ತ್ರದ ವಿಭಾಗ ೧೯೪೨ರಲ್ಲಿ ಆರಂಭವಾಯಿತು. ಅದಕ್ಕೂ ಲೋಹಶಾಸ್ತ್ರ ವಿಭಾಗಕ್ಕೂ ವಿದ್ಯಾರ್ಥಿಗಳ ಭೋಜನಶಾಲೆಗೂ ಕೋನಿಗ್ಸ್‌ಬರ್ಗರ್ ನಕ್ಷೆ ಬರೆದರು. ಇವುಗಳಲ್ಲಿ ಗುಮ್ಮಟಗಳಿಲ್ಲ. ಅಡ್ಡಲಾಗಿ ಸಾಗಿದ ಸಜ್ಜಾಗಳು, ಗಾಳಿಯಾಡುವ ತೆರಪುಗಳು, ನಾಡಿನದೇ ಕಲ್ಲು, ಇಷ್ಟರಲ್ಲಿಯೇ ಅವುಗಳ ಚೆಲುವು.

ಬಿಸಿಲಿನ ಲೆಕ್ಕ

ಸಜ್ಜಾ ಎಷ್ಟು ಚಾಚಿರಬೇಕು? ಇದನ್ನು ಅಂದಾಜಿನಿಂದ ಹೇಳಬೇಕಾಗಿಲ್ಲ. ಪ್ರೌಢಶಾಲೆಯ ತ್ರಿಕೋನಮಿತಿಯೇ ಸಾಕು. ಬೆಂಗಳೂರು ಉತ್ತರ ಅಕ್ಷಾಂಶ ೧೩ ಡಿಗ್ರಿಯಲ್ಲಿದೆ. ಡಿಸೆಂಬರ್ ೨೨ರ ಸುಮಾರಿಗೆ ಸೂರ್ಯನು ವಿಷುವದ್ವೃತ್ತದಿಂದ ಇಪ್ಪತ್ತಮೂರೂವರೆ ಡಿಗ್ರಿ ದಕ್ಷಿಣಕ್ಕಿರುತ್ತಾನೆ. ಎರಡನ್ನೂ ಕೂಡಿಸಿ ತೊಂಬತ್ತರಿಂದ ಕಳೆದರೆ, ಆ ದಿನ ನಡುಹಗಲಿನಲ್ಲಿ ಸೂರ್ಯನ ಎತ್ತರ ಐವತ್ತಮೂರೂವರೆ ಡಿಗ್ರಿ. ದಕ್ಷಿಣದ ಗೋಡೆಯಲ್ಲಿ ನಾಲ್ಕು ಅಡಿ ಎತ್ತರದ ಕಿಟಕಿಯಿದ್ದರೆ, ಅದಕ್ಕೆ ಪೂರ್ತಿ ನೆರಳು ಬೀಳಲು ಕಿಟಕಿಯ ತಲೆಯ ಮೇಲೆ ಸುಮಾರು ಮೂರು ಅಡಿಯ ಸಜ್ಜಾ ಬೇಕು. ಮಾರ್ಚ್ ೨೧ರಂದು ಸೂರ್ಯನ ಎತ್ತರ ೭೭ ಡಿಗ್ರಿ; ಅಂದು ಹನ್ನೊಂದು ಅಂಗುಲ ಸಾಕು. ಆದಕಾರಣ ದಕ್ಷಿಣದಲ್ಲಿ ಎರಡಡಿಯ ಸಜ್ಜಾ ಹಾಕಿದರೆ, ಬೇಸಗೆ ತೊಡಗುವಾಗ ನಡುಹಗಲಿನ ಬಿಸಿಲು ಒಳಕ್ಕೆ ಬಾರದು. ಡಿಸೆಂಬರಿನ ಹಿತವಾದ ಬಿಸಿಲು ಮಾತ್ರ ಕಿಟಕಿಯ ಕೆಳಭಾಗದಿಂದ ಒಂದಿಷ್ಟು ಇಣುಕುವುದು.

ಏಪ್ರಿಲ್ ತಿಂಗಳ ಕೊನೆಯಲ್ಲಿ ಸೂರ್ಯನು ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿಯುತ್ತಾನೆ. ಜೂನ್ ೨೧ರಂದು ಅವನು ನೆತ್ತಿಯಿಂದ ಉತ್ತರಕ್ಕೆ ಹತ್ತೂವರೆ ಡಿಗ್ರಿ ವಾಲಿರುತ್ತಾನೆ. ಉತ್ತರದ ಗೋಡೆಯ ಅಂಥದೇ ಕಿಟಕಿಗೆ ಆ ನಡುಹಗಲಿನಲ್ಲಿ ಒಂಬತ್ತು ಅಂಗುಲದ ಸಜ್ಜಾ ಸಾಕು. ಇನ್ನು ಪಶ್ಚಿಮದ ಗೋಡೆಯನ್ನು ನೋಡೋಣ. ಸಂಜೆ ಸೂರ್ಯನು ೨೫ ಡಿಗ್ರಿಗೆ ಇಳಿದು ಕಿಟಕಿಗೆ ಎದುರಾದಾಗ, ನಾಲ್ಕು ಅಡಿಯ ಕಿಟಕಿಗೆ ನೆರಳು ಕೊಡಲು ಎಂಟೂವರೆ ಅಡಿಯ ಸಜ್ಜಾ ಬೇಕಾಗುತ್ತದೆ. ಅಷ್ಟು ಚಾಚಿದರೆ ಅದು ಸಜ್ಜಾ ಎನಿಸದು, ಚಪ್ಪರವೇ ಆಗುವುದು! ಆದುದರಿಂದ ಕಟ್ಟಡದ ಉದ್ದನೆಯ ಪಾರ್ಶ್ವಗಳು ಉತ್ತರಕ್ಕೂ ದಕ್ಷಿಣಕ್ಕೂ ಮುಖಮಾಡಿ, ಕಿರಿದಾದ ಪಾರ್ಶ್ವಗಳು ಪೂರ್ವ ಪಶ್ಚಿಮಗಳಿಗೆ ಇರುವುದು ಮೇಲು.

ಆದರೆ ಇಲ್ಲಿಯೇ ಒಂದು ತೊಡಕುಂಟು. ಬೆಂಗಳೂರಿನಲ್ಲಿ ಮುಂಗಾರಿನ ಗಾಳಿ ಪಶ್ಚಿಮದ ಕಡೆಯಿಂದಲೂ, ಚಳಿಗಾಲದ ಗಾಳಿ ಪೂರ್ವದ ಕಡೆಯಿಂದಲೂ ಬೀಸುತ್ತವೆ. ಬಿಸಿಲನ್ನು ತಪ್ಪಿಸುವ ದಿಕ್ಕೂ ಗಾಳಿಯನ್ನು ಬರಮಾಡಿಕೊಳ್ಳುವ ದಿಕ್ಕೂ ಒಂದೇ ಆಗಿಲ್ಲ. ಗಾಳಿ ಓರೆಯಾಗಿ ಬಂದು ಗೋಡೆಯನ್ನು ಬಡಿದರೂ, ಎದುರು ಗೋಡೆಯಲ್ಲಿ ತೆರಪಿದ್ದರೆ ಕೋಣೆಯೊಳಗೆ ಸಾಗುತ್ತದೆ. ಬಿಸಿಲಿಗೆ ಇಂಥ ಉಪಾಯವಿಲ್ಲ. ಆದುದರಿಂದ ದಿಕ್ಕನ್ನು ಬಿಸಿಲಿಗೆ ಒಪ್ಪಿಸಿ, ಗಾಳಿಯನ್ನು ಕಿಟಕಿಗಳ ಏರ್ಪಾಡಿನಿಂದ ಗಳಿಸಿಕೊಳ್ಳಬೇಕು. ಕೋಣೆಗಳು ಒಂದರ ಹಿಂದೊಂದಾಗಿ ಇರದೆ ಒಂದೇ ಸಾಲಿನಲ್ಲಿರಬೇಕೆಂದು ಹೇಳುವುದು ಇದಕ್ಕಾಗಿಯೇ. ಬಿಸಿಯಾದ ಗಾಳಿ ಮೇಲಕ್ಕೇರುವುದರಿಂದ, ಗೋಡೆಯ ತಲೆಯ ಬಳಿ ಗವಾಕ್ಷಿಗಳೂ ಬೇಕು.

ಮನ್ಮನೆಯ ಕಡೆಯ ಮನೆ

ಒಂದೇ ನಿಯಮ ಎಲ್ಲ ಊರಿಗೂ ಒಪ್ಪುವುದಿಲ್ಲವೆಂಬುದನ್ನು ಕನ್ನಡನಾಡಿನಲ್ಲಿಯೇ ಕಾಣಬಹುದು. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಮೆ ಒಂದು ಮೀಟರು. ಸಿದ್ದಾಪುರ ತಾಲ್ಲೂಕಿನಲ್ಲಿ ಅದರ ಎರಡೂವರೆ ಪಾಲಿಗೂ ಮೀರಿ ಬೀಳುತ್ತದೆ. ಅದರಲ್ಲಿ ಬಹುಭಾಗ ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳಲ್ಲಿ. ಮನ್ಮನೆಯ ಕಡೆಯ ಹಳೆಯ ಮನೆಗಳನ್ನು ನೋಡಿದವರು ಇದರ ಪರಿಣಾಮವನ್ನು ಬಲ್ಲರು. ಕಡಿದಾಗಿ ಇಳಿದ ಮಾಡು; ಗೋಡೆಯಿಂದ ಬಹುದೂರ ಚಾಚಿದ ಸೂರು; ಅದರ ಅಡಿಯಲ್ಲಿ ಜಗುಲಿ. ಮಳೆಗಾಲ ಬರುವ ಮುಂಚೆ ಮಣ್ಣಿನ ಗೋಡೆಗೆ ಅಡಕೆಯ ಸೋಗೆಯ ತಟ್ಟಿಗಳನ್ನು ಕಟ್ಟುತ್ತಾರೆ. ಮಣ್ಣಿನ ಗೋಡೆ ನೂರು ವರ್ಷ ಬಾಳುವುದು ಮಣ್ಣಿನ ಗುಣದಿಂದಲ್ಲ. ಅದರ ತಲೆಗೂ ಬುಡಕ್ಕೂ ನೀರು ತಾಗದಂತೆ ನೋಡಿಕೊಳ್ಳುವುದರಿಂದ.

ಇಲ್ಲಿ ಮಾಡಿನ ಕೆಲಸ ಎರಡು. ಮಳೆಯ ನೀರನ್ನು ದೂರಕ್ಕೆ ಸಾಗಿಸುವುದು ಒಂದು. ಮಳೆ ಸುರಿಯುತ್ತಿರುವಾಗಲೂ ಕಿಟಕಿ ಬಾಗಿಲುಗಳನ್ನು ತೆರೆದಿಡಲು ಅವಕಾಶ ಕೊಡುವುದು ಇನ್ನೊಂದು. ಎರಡನೆಯದು ಅನೇಕರ ಗಮನಕ್ಕೆ ಬಾರದು. ಗಾಳಿಯಲ್ಲಿ ತೇವ ಹೆಚ್ಚಿದಾಗ ಮೈಯ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯದು. ಆಗ ಗಾಳಿಯ ಚಲನೆಯೊಂದೇ ಗತಿ. ಒಣಹವೆಯ ಬಯಲುಸೀಮೆಯಲ್ಲಿ ದಪ್ಪ ಗೋಡೆಯು ಹಗಲಿನ ಕಾವನ್ನು ಹೀರಿ ರಾತ್ರಿಯವರೆಗೆ ತಡೆದಿಟ್ಟುಕೊಳ್ಳುತ್ತದೆ. ರಾತ್ರಿ ತಂಪಾಗಿರುವುದರಿಂದ ಅದು ಹಿತವೇ ಆಗುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಹಗಲಿಗೂ ರಾತ್ರಿಗೂ ಉಷ್ಣತೆಯ ಅಂತರ ಸ್ವಲ್ಪವೇ. ದಪ್ಪ ಗೋಡೆಯಿಂದ ಆಗ ದೊರೆಯುವ ಲಾಭ ಕಡಮೆ. ಸಮತಟ್ಟಾದ ತಾರಸಿಯನ್ನು ಬಯಲುಸೀಮೆಯಿಂದ ಮಲೆನಾಡಿಗೆ ತಂದವರು ಅದರ ಮೇಲೆ ಮತ್ತೊಂದು ತಗಡಿನ ಮಾಡನ್ನು ಹೊದಿಸಬೇಕಾಗಿ ಬರುವುದು ಈ ಲೆಕ್ಕವನ್ನು ಮರೆತದ್ದರಿಂದಲೇ.

ಊರಿನ ನಕ್ಷೆ, ನಿರಾಶ್ರಿತರ ಮನೆ

ಮೈಸೂರಿನ ಸೇವೆಯಲ್ಲಿದ್ದಾಗಲೇ ಕೋನಿಗ್ಸ್‌ಬರ್ಗರ್ ಅವರಿಗೆ ಒಂದೊಂದು ಕಟ್ಟಡದಿಂದ ಇಡೀ ಊರಿನ ಕಡೆಗೆ ದೃಷ್ಟಿ ಹರಿಯಿತು. ಟಾಟಾ ಕಂಪೆನಿಯವರಿಗಾಗಿ ಜೆಮ್‌ಷೆಡ್‌ಪುರದ ಬೆಳವಣಿಗೆಯ ಯೋಜನೆಯನ್ನು ಅವರು ಯುದ್ಧದ ಕೊನೆಯ ವರ್ಷಗಳಲ್ಲಿ ಸಿದ್ಧಪಡಿಸಿದರು. ೧೯೪೮ರಲ್ಲಿ ಒರಿಸ್ಸಾದ ಹೊಸ ರಾಜಧಾನಿಯಾದ ಭುವನೇಶ್ವರಕ್ಕೂ ನಕ್ಷೆ ಬರೆದರು. ಎರಡರಲ್ಲಿಯೂ ನೆರೆಹೊರೆಯ ಘಟಕ ಎಂಬ ತತ್ತ್ವವೇ ಆಧಾರ. ಕೆಲವು ಸಾವಿರ ಜನರು ವಾಸಿಸುವ ಒಂದು ಭಾಗಕ್ಕೆ ಪ್ರಾಥಮಿಕ ಶಾಲೆ, ಅಂಗಡಿಗಳು, ಆಟದ ಬಯಲು ಇವೆಲ್ಲ ನಡೆದುಹೋಗುವಷ್ಟು ಹತ್ತಿರದಲ್ಲಿರಬೇಕು. ವಾಹನಗಳ ಹೆದ್ದಾರಿ ಅಂಚಿನಲ್ಲಿ ಹಾಯಬೇಕೇ ಹೊರತು ನಡುವೆ ಸೀಳಿಕೊಂಡು ಹೋಗಬಾರದು. ಚಿಕ್ಕ ಮಗು ದೊಡ್ಡ ರಸ್ತೆಯನ್ನು ದಾಟದೆ ಶಾಲೆ ಸೇರಬೇಕೆಂಬುದು ಈ ತತ್ತ್ವದ ತಿರುಳು.

ಇಷ್ಟರಲ್ಲಿ ದೇಶ ಸ್ವತಂತ್ರವಾಗಿ, ವಿಭಜನೆಯೂ ಆಗಿದ್ದಿತು. ೧೯೫೧ರ ಜನಗಣತಿಯ ವೇಳೆಗೆ ಭಾರತದಲ್ಲಿ ಎಪ್ಪತ್ತು ಲಕ್ಷಕ್ಕೂ ಮೀರಿ ನಿರಾಶ್ರಿತರಿದ್ದರು. ೧೯೪೮ರಲ್ಲಿ ಕೋನಿಗ್ಸ್‌ಬರ್ಗರ್ ಕೇಂದ್ರ ಸರ್ಕಾರದ ಆರೋಗ್ಯ ಸಚಿವ ಶಾಖೆಯಲ್ಲಿ ವಸತಿ ನಿರ್ದೇಶಕರಾದರು. ರಾಜಕುಮಾರಿ ಅಮೃತ ಕೌರ್ ಆಗಿನ ಸಚಿವೆ. ತಾನೇ ಮನೆಮಾರು ತೊರೆದು ಬಂದವನಿಗೆ, ಮನೆಮಾರು ಕಳೆದುಕೊಂಡವರಿಗೆ ಸೂರು ಒದಗಿಸುವ ಕೆಲಸ ಬಂದೊದಗಿತು. ಫರೀದಾಬಾದ್, ನೀಲೋಖೇರಿ, ರಾಜಪುರ, ಗಾಂಧೀಧಾಮ ಮುಂತಾದ ಹೊಸ ಪಟ್ಟಣಗಳು ಹುಟ್ಟಿದ ಕಾಲ ಅದು.

ಮನೆಗಳು ಬೇಗ ಬೇಕು, ಲಕ್ಷಗಟ್ಟಲೆ ಬೇಕು. ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು ಯಾವ ಕಾಲಕ್ಕೆ ಮುಗಿದೀತು? ಕಾರ್ಖಾನೆಯಲ್ಲಿ ಗೋಡೆಯ ಹಲಗೆಗಳನ್ನೇ ಎರಕಹೊಯ್ದು, ತಂದು ಜೋಡಿಸಿದರೆ ಹೇಗೆ? ಯುದ್ಧಾನಂತರ ಇಂಗ್ಲೆಂಡಿನಲ್ಲಿ ಇಂಥ ಪ್ರಯತ್ನ ನಡೆದಿದ್ದಿತು. ದೆಹಲಿಯಲ್ಲಿ ಸರ್ಕಾರವೇ ಇಂಥದೊಂದು ಕಾರ್ಖಾನೆಯನ್ನು ಸ್ಥಾಪಿಸಿತು. ಒಳಗೆಲ್ಲ ಗಾಳಿಗುಳ್ಳೆಗಳಿರುವ ಹಗುರವಾದ ಕಾಂಕ್ರೀಟಿನಿಂದ ಹಲಗೆಗಳನ್ನು ಮಾಡುವುದು ಉದ್ದೇಶ. ಆದರೆ ಹಲಗೆಗಳು ಬಿರುಕುಬಿಟ್ಟವು. ಎಣಿಸಿದಷ್ಟು ಮನೆಗಳು ಹೊರಬರಲಿಲ್ಲ. ಸಂಸತ್ತಿನಲ್ಲಿ ಕಟುವಾದ ಟೀಕೆ ನಡೆಯಿತು. ೧೯೫೧ರಲ್ಲಿ ಕೋನಿಗ್ಸ್‌ಬರ್ಗರ್ ಭಾರತವನ್ನು ಬಿಟ್ಟು ಲಂಡನ್ನಿಗೆ ಹೋದರು. ಆ ಕಾರ್ಖಾನೆ ೧೯೫೩ರಲ್ಲಿ ಹಿಂದೂಸ್ಥಾನ್ ಹೌಸಿಂಗ್ ಫ್ಯಾಕ್ಟರಿ ಎಂಬ ಹೊಸ ಹೆಸರಿನಿಂದ ಬೇರೆ ವಸ್ತುಗಳ ತಯಾರಿಕೆಗೆ ತೊಡಗಿತು.

ಸೋಲಿಗೆ ಕಾರಣವೇನು? ಹಲಗೆಯ ದೋಷವೊಂದನ್ನೇ ಹೇಳಿದರೆ ಸಾಲದು. ಇಂಗ್ಲೆಂಡಿನಲ್ಲಿ ಆಗ ಕೂಲಿ ದುಬಾರಿ, ಯಂತ್ರ ಸುಲಭ. ನಮ್ಮಲ್ಲಿ ದುಡಿಯುವ ಕೈಗಳು ಬೇಕಾದಷ್ಟು. ಸಿಮೆಂಟು, ಯಂತ್ರ, ಸಾಗಣೆಗಳೇ ದುರ್ಲಭ. ಹೇರಳವಾಗಿದ್ದುದನ್ನು ಉಳಿಸಿ ವಿರಳವಾಗಿದ್ದುದನ್ನು ವೆಚ್ಚಮಾಡುವ ಉಪಾಯ ಎಷ್ಟು ಆಧುನಿಕವಾಗಿದ್ದರೂ ಲಾಭಕರವಲ್ಲ. ಹವೆಯನ್ನು ಅಳೆದು ಕಟ್ಟಡವನ್ನು ರಚಿಸುವಂತೆಯೇ, ನಾಡಿನ ಆರ್ಥಿಕ ಸ್ಥಿತಿಯನ್ನೂ ಅಳೆಯಬೇಕಾಗುತ್ತದೆ.

ಹವೆಯ ಕೋಷ್ಟಕಗಳು, ಮಾಡಿನ ಸಾಲ

ಮುಂದೆ ಅವರು ನಡೆದ ದಾರಿಯಲ್ಲಿ ಈ ಅರಿವು ಸ್ಪಷ್ಟವಾಗಿ ಕಾಣುತ್ತದೆ. ೧೯೫೪-೫೫ರಲ್ಲಿ ವಿಶ್ವಸಂಸ್ಥೆಯ ಪರವಾಗಿ ಅವರು ಚಾರ್ಲ್ಸ್ ಏಬ್ರಮ್ಸ್ ಮತ್ತು ವ್ಲಾದಿಮಿರ್ ಬೋದಿಯಾನ್ಸ್ಕಿ ಎಂಬವರೊಡನೆ ಆಫ್ರಿಕದ ಗೋಲ್ಡ್ ಕೋಸ್ಟಿಗೆ, ಎಂದರೆ ೧೯೫೭ರಲ್ಲಿ ಸ್ವತಂತ್ರವಾದ ಘಾನಾಕ್ಕೆ, ಹೋದರು. ಅಲ್ಲಿಯ ಹಳ್ಳಿಗರು ಮಣ್ಣಿನ ಗೋಡೆಗಳನ್ನು ತಾವೇ ಕಟ್ಟಬಲ್ಲವರು. ಅದಕ್ಕೆ ಹಣ ಬೇಡ. ಹಣ ಬೇಕಾಗುವುದು ಮಾಡಿಗೆ. ಆದುದರಿಂದ ಸರ್ಕಾರವು ಮನೆಗಳನ್ನು ಕಟ್ಟಿಕೊಡುವುದರ ಬದಲು, ಗೋಡೆಗಳನ್ನು ಎಬ್ಬಿಸಿದವರಿಗೆ ಮಾಡಿಗಾಗಿ ಸಾಲ ಕೊಡಲಿ ಎಂದು ಇವರು ಸಲಹೆಯಿತ್ತರು. ಮಲೆನಾಡಿನವರಿಗೆ ಇದರ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಕೆಮ್ಮಣ್ಣು ಅಂಗಳದಲ್ಲಿಯೇ ಸಿಕ್ಕುತ್ತದೆ. ಮರಕ್ಕೂ ಹಂಚಿಗೂ ಹಣ ತೆರಬೇಕು.

ಲಂಡನ್ನಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಎಂಬ ವಿದ್ಯಾಸಂಸ್ಥೆಯಲ್ಲಿ ೧೯೫೪ರಲ್ಲಿ ಉಷ್ಣವಲಯದ ವಾಸ್ತುಶಿಲ್ಪಕ್ಕಾಗಿಯೇ ಒಂದು ವಿಭಾಗ ತೆರೆಯಿತು. ೧೯೫೭ರಲ್ಲಿ ಕೋನಿಗ್ಸ್‌ಬರ್ಗರ್ ಅದರ ಮುಖ್ಯರಾದರು. ಏಷ್ಯ, ಆಫ್ರಿಕಗಳಿಂದ ಬಂದ ತರುಣರು ಅಲ್ಲಿ ಕಲಿತರು. ೧೯೭೧ರಲ್ಲಿ ಅದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಸೇರಿತು. ೧೯೬೩ರಲ್ಲಿ ಅವರು ಸಿಂಗಪುರದ ಬೆಳವಣಿಗೆಯ ಬಗೆಗೂ ವಿಶ್ವಸಂಸ್ಥೆಯ ಪರವಾಗಿ ಸಲಹೆ ನೀಡಿದ್ದುಂಟು.

ಕಾರ್ಲ್ ಮಹೋನಿ ಎಂಬ ಸಹೋದ್ಯೋಗಿಯ ಹೆಸರಿನಿಂದ ಪ್ರಸಿದ್ಧವಾದ ಹವೆಯ ಕೋಷ್ಟಕಗಳು ಈ ವಿಭಾಗದಲ್ಲಿ ಹುಟ್ಟಿದವು. ಇವುಗಳ ಬಳಕೆ ಬಹು ಸರಳ. ಊರಿನ ಪ್ರತಿ ತಿಂಗಳ ಗರಿಷ್ಠ, ಕನಿಷ್ಠ ಉಷ್ಣತೆಯನ್ನೂ, ಗಾಳಿಯ ತೇವವನ್ನೂ, ಮಳೆಯ ಪ್ರಮಾಣವನ್ನೂ, ಗಾಳಿ ಬೀಸುವ ದಿಕ್ಕನ್ನೂ ಬರೆದುಕೊಳ್ಳಬೇಕು. ತೇವವನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಬೇಕು: ಶೇಕಡ ೩೦ಕ್ಕಿಂತ ಕಡಮೆ, ೩೦ರಿಂದ ೫೦, ೫೦ರಿಂದ ೭೦, ೭೦ಕ್ಕಿಂತ ಹೆಚ್ಚು. ಪ್ರತಿ ತಿಂಗಳ ಹಗಲೂ ರಾತ್ರಿಯೂ ಮನುಷ್ಯನಿಗೆ ಹಿತವೇ, ಸೆಕೆಯೇ, ಚಳಿಯೇ ಎಂಬುದನ್ನು ಗುರುತಿಸಬೇಕು. ಗಾಳಿಯ ಚಲನೆ ಎಷ್ಟು ತಿಂಗಳು ಅನಿವಾರ್ಯ, ಮಳೆಯಿಂದ ರಕ್ಷಣೆ ಎಷ್ಟು ತಿಂಗಳು ಬೇಕು, ಕಾವನ್ನು ತಡೆಯುವ ದಪ್ಪ ಗೋಡೆ ಎಷ್ಟು ತಿಂಗಳು ಉಪಯುಕ್ತ ಎಂಬ ಎಣಿಕೆಯಿಂದ ಕಟ್ಟಡದ ದಿಕ್ಕು, ಮನೆಗಳ ನಡುವಿನ ಅಂತರ, ಕಿಟಕಿಗಳ ಅಳತೆ, ಮಾಡಿನ ಬಗೆ ಇವೆಲ್ಲಕ್ಕೂ ಸೂಚನೆ ದೊರೆಯುತ್ತದೆ. ಮೂವರು ಸಹಲೇಖಕರೊಡನೆ ಅವರು ೧೯೭೦ರ ದಶಕದಲ್ಲಿ ಹೊರತಂದ, ಉಷ್ಣವಲಯದ ವಸತಿ ನಿರ್ಮಾಣವನ್ನು ಕುರಿತ ಕೈಪಿಡಿ ಭಾರತದ ವಾಸ್ತುಶಿಲ್ಪ ಕಾಲೇಜುಗಳಲ್ಲಿ ಇಂದಿಗೂ ಪಠ್ಯವಾಗಿ ಬಳಕೆಯಲ್ಲಿದೆ. ಕೋನಿಗ್ಸ್‌ಬರ್ಗರ್ ೧೯೯೯ರ ಜನವರಿಯಲ್ಲಿ, ತೊಂಬತ್ತು ವರ್ಷ ತುಂಬಿದ ಮೇಲೆ, ನಿಧನರಾದರು.

ವಿದ್ಯಾರ್ಥಿಗಳು ಮಾಡಿನೋಡಬಹುದಾದ ಪ್ರಯೋಗ

ಈ ಶಾಸ್ತ್ರದ ಮೊದಲ ಮೆಟ್ಟಿಲನ್ನು ಹತ್ತಲು ಒಂದು ಕೋಲು ಸಾಕು. ಒಂದು ಮೀಟರು ಉದ್ದದ ನೇರವಾದ ಕೋಲನ್ನು ಶಾಲೆಯ ಅಂಗಳದಲ್ಲಿ ಲಂಬವಾಗಿ ನೆಡಿರಿ. ಸಿದ್ದಾಪುರ, ಶಿರಸಿ, ಯಲ್ಲಾಪುರಗಳಲ್ಲಿ ಡಿಸೆಂಬರ್ ೨೨ರಂದು ನಿಜವಾದ ನಡುಹಗಲು ಗಡಿಯಾರದ ಹನ್ನೆರಡೂವರೆಯ ಹೊತ್ತಿಗೆ ಆಗುತ್ತದೆ. ಭಾರತದ ಪ್ರಮಾಣಕಾಲವು ನಮಗಿಂತ ಪೂರ್ವದ ರೇಖಾಂಶವನ್ನು ಅನುಸರಿಸುವುದೇ ಇದಕ್ಕೆ ಕಾರಣ. ಆಗ ಸಿದ್ದಾಪುರದಲ್ಲಿ ನೆರಳು ಉತ್ತರಕ್ಕೆ ಸುಮಾರು ೭೭ ಸೆಂಟಿಮೀಟರು ಬೀಳುವುದು. ಏಪ್ರಿಲ್ ಕೊನೆಯಲ್ಲಿಯೂ ಆಗಸ್ಟ್ ಮಧ್ಯದಲ್ಲಿಯೂ ಒಂದು ದಿನ ನೆರಳು ಕೋಲಿನ ಬುಡದಲ್ಲಿಯೇ ಅಡಗುವುದು. ಜೂನ್ ೨೧ರಂದು, ಮೋಡ ಬಿಟ್ಟುಕೊಟ್ಟರೆ, ದಕ್ಷಿಣಕ್ಕೆ ೧೬ ಸೆಂಟಿಮೀಟರಿನ ನೆರಳನ್ನು ಕಾಣಬಹುದು. ಈ ಅಳತೆಗಳನ್ನು ಬರೆದಿಟ್ಟುಕೊಂಡು, ನಿಮ್ಮ ತರಗತಿಯ ಕಿಟಕಿಯ ಎತ್ತರವನ್ನೂ ಸಜ್ಜಾದ ಚಾಚನ್ನೂ ಅಳೆಯಿರಿ. ಯಾವ ತಿಂಗಳಲ್ಲಿ ಯಾವ ಬೆಂಚಿನವನಿಗೆ ಬಿಸಿಲು ತಾಗುವುದೆಂದು ಮುಂಚಿತವಾಗಿಯೇ ಹೇಳಬಲ್ಲಿರಿ. ಆ ಕಿಟಕಿಯನ್ನು ಇರಿಸಿದವನು ಈ ಲೆಕ್ಕವನ್ನು ಮಾಡಿದ್ದನೇ ಇಲ್ಲವೇ ಎಂಬುದೂ ಆಗ ತಿಳಿಯುವುದು.